ಮೊಬೈಲಿನ ಕೆಂಪು, ಮೆಣಸಿನಕಾಯಿಯ ಕೆಂಪು

ಕುಂದಗೋಳ ಭಾಗದ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವುದು ಅದರ ಬಣ್ಣ. ಖಾರ ಕಡಿಮೆ, ಕೆಂಪು ಕಡು. ಆ ಕೆಂಪನ್ನು ವ್ಯಾಪಾರಿಗಳು ಕಣ್ಣಳತೆಗೆ ಬಿಡುವುದಿಲ್ಲ, ಪ್ರಯೋಗಾಲಯದಲ್ಲಿ ಅಳೆಸಿ ‘ಆಸ್ಟಾ’ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಮೆಣಸಿನಕಾಯಿಯನ್ನು ಕುಟ್ಟಿ, ಪೊಟ್ಟಣ ಕಟ್ಟಿ ಮಾರುವ ಮಹಿಳಾ ಸಂಘಗಳು ಈಗ ನಮ್ಮ ಹಳ್ಳಿಗಳಲ್ಲಿ ಸಾಕಷ್ಟಿವೆ. ಪೊಟ್ಟಣಕ್ಕೊಂದು ಲೇಬಲ್ ಬೇಕು. ಡಿಟಿಪಿ ಅಂಗಡಿಯವರು ಡಿಸೈನ್ ಮಾಡಿ ವಾಟ್ಸಾಪಿಗೆ ಹಾಕುತ್ತಾರೆ, ಸಂಘದವರು ಒಬ್ಬರಿಗೊಬ್ಬರು ತೋರಿಸಿ ಒಪ್ಪಿಗೆ ಕೊಡುತ್ತಾರೆ, ಕೆಲವು ದಿನಕ್ಕೆ ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಲೇಬಲ್ ಕಟ್ಟು ಬರುತ್ತದೆ. ಬಿಚ್ಚಿ ನೋಡಿದರೆ ಕೆಂಪು ಇಟ್ಟಂಗಿಯ ಬಣ್ಣಕ್ಕಿಳಿದಿದೆ.

“ಮೊಬೈಲ್‌ದಾಗ ಭಾಳ ಚಲೋ ಕಾಣತಿತ್ರಿ, ಕಾಗದದ ಮ್ಯಾಲ ಮಂಕಾಗೇತ್ರಿ.” ನವಲಗುಂದ, ಅಣ್ಣಿಗೇರಿ, ಕಲಘಟಗಿ, ಯಾವ ಪೇಟೆಯ ಪ್ರಿಂಟಿಂಗ್ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಗಿರಾಕಿ ಪ್ರೆಸ್ಸಿನವರನ್ನು ಬೈಯುತ್ತಾನೆ, ಪ್ರೆಸ್ಸಿನವರು ಡಿಸೈನ್ ಮಾಡಿದವನನ್ನು, ಅವನು ಕಾಗದವನ್ನು. ತಪ್ಪು ಒಮ್ಮೊಮ್ಮೆ ಇವರಲ್ಲಿ ಯಾರದಾದರೂ ಇರುತ್ತದೆ, ನಿಜ. ಆದರೆ ಎಲ್ಲಕ್ಕಿಂತ ಮೊದಲು ನಾವು ಹೋಲಿಸುವ ಕ್ರಮವೇ ಸರಿಯಿಲ್ಲ. ಅಚ್ಚಾದ ಮೆಣಸಿನಕಾಯಿಯನ್ನು ಮೊಬೈಲಿನ ಮೆಣಸಿನಕಾಯಿಯ ಪಕ್ಕ ಹಿಡಿಯುತ್ತೇವೆ. ಅದನ್ನು ಹಿಡಿಯಬೇಕಾದದ್ದು ಹೊಲದಿಂದ ಬಂದ ಮೆಣಸಿನಕಾಯಿಯ ಪಕ್ಕ.

ಮೊಬೈಲು, ಟಿವಿ, ಕಂಪ್ಯೂಟರ್ ಇವೆಲ್ಲ ಬೆಳಕನ್ನು ಸೂಸುತ್ತವೆ. ಕೆಂಪು, ಹಸಿರು, ನೀಲಿ ಎಂಬ ಮೂರು ಸಣ್ಣ ದೀಪಗಳು ಹೆಚ್ಚುಕಡಿಮೆಯಾಗಿ ಉರಿದು ಎಲ್ಲ ಬಣ್ಣಗಳನ್ನೂ ಕಟ್ಟುತ್ತವೆ. ಮೂರೂ ಪೂರ್ತಿ ಉರಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ಬಣ್ಣಬಣ್ಣದ ರಿಬ್ಬನ್ನೊಂದರ ಮೂರು ಛಾಯಾಚಿತ್ರಗಳನ್ನು ಮೂರು ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ ತೋರಿಸಿದ್ದು ಇದನ್ನೇ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಸಿಲು ಅಥವಾ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಶಾಯಿ ಒಂದು ಪಾಲನ್ನು ನುಂಗಿ, ಉಳಿದದ್ದನ್ನು ನಮ್ಮ ಕಣ್ಣಿಗೆ ಮರಳಿಸುತ್ತದೆ. ಸಯಾನ್ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಶಾಯಿ ಹೆಚ್ಚಿದಷ್ಟೂ ಕಣ್ಣಿಗೆ ಬರುವ ಬೆಳಕು ಕಡಿಮೆ. ಮೂರೂ ಕೂಡಿದರೆ ಕಪ್ಪಾಗಬೇಕು, ಆದರೆ ನಿಜವಾದ ಶಾಯಿಗಳು ಅಷ್ಟು ಶುದ್ಧವಲ್ಲ, ಕೆಸರುಗಂದು ಬರುತ್ತದೆ. ಅದಕ್ಕಾಗಿ ನಾಲ್ಕನೆಯದಾಗಿ ಕಪ್ಪು ಶಾಯಿ. ಪ್ರೆಸ್ಸಿನಲ್ಲಿ ಫೋರ್ ಕಲರ್ ಎನ್ನುವುದು ಈ ನಾಲ್ಕಕ್ಕೆ. ಆ ನಾಲ್ಕರಲ್ಲಿ ಬಿಳಿ ಇಲ್ಲ. ಬಿಳಿ ಎಂದರೆ ಶಾಯಿ ಬೀಳದೆ ಉಳಿದ ಕಾಗದ, ಅದು ಎಷ್ಟು ಬೆಳ್ಳಗಿದೆಯೋ ಅಷ್ಟೇ.

ಹೀಗಾಗಿ ಪರದೆ ತೋರಿಸಬಲ್ಲ ಬಣ್ಣಗಳಲ್ಲಿ ಒಂದು ದೊಡ್ಡ ಪಾಲನ್ನು ಈ ನಾಲ್ಕು ಶಾಯಿಗಳು ಮುಟ್ಟಲಾರವು. ಕಂಪ್ಯೂಟರಿನಲ್ಲಿ ನೀಲಿಯನ್ನು 255ಕ್ಕೆ ಏರಿಸಿ ಕೆಂಪು, ಹಸಿರುಗಳನ್ನು ಸೊನ್ನೆ ಮಾಡಿ. ಹೊಳೆಯುವ ನೀಲಿ ಕಾಣುತ್ತದೆ. ಫೋಟೋಶಾಪ್ ತನ್ನ ಮೂಲ ಅಳವಡಿಕೆಯಲ್ಲಿ ಇದನ್ನು ಶೇಕಡಾ ಲೆಕ್ಕದಲ್ಲಿ ಸಯಾನ್ 88, ಮೆಜೆಂಟಾ 77 ಎಂದು ಬದಲಿಸುತ್ತದೆ, ಕಾಗದದ ಮೇಲೆ ಅದು ನೇರಳೆಯತ್ತ ವಾಲಿದ ಮಬ್ಬು ನೀಲಿ. ಪೂರ್ಣ ಹಸಿರು ಸಯಾನ್ 63, ಹಳದಿ 100 ಆಗಿ ಎಲೆಯ ಹಸಿರಿಗಿಳಿಯುತ್ತದೆ. ಗಿಳಿಹಸಿರು, ರಾಣಿ ಗುಲಾಬಿ, ನವಿಲಿನ ಕೊರಳಿನ ಮಿರುಗು ಇವು ಅಚ್ಚಿನಲ್ಲಿ ಕಳೆದುಹೋಗುವ ಬಣ್ಣಗಳು. ಯಾವ ಊರಿನ, ಎಷ್ಟು ದುಬಾರಿಯ ಯಂತ್ರವಾದರೂ ಈ ನಾಲ್ಕು ಶಾಯಿಗಳಿಂದ ಅವನ್ನು ತರಲಾರದು.

ಸಮಾಧಾನದ ಸಂಗತಿಯೂ ಒಂದಿದೆ. ನಮ್ಮ ನೆಲದ ಬಣ್ಣಗಳಲ್ಲಿ ಹೆಚ್ಚಿನವು ಶಾಯಿಯ ಎಟುಕಿನೊಳಗೇ ಇವೆ. ಎರೆಮಣ್ಣಿನ ಕಪ್ಪು, ಬಿಳಿಜೋಳದ ಕೆನೆಬಣ್ಣ, ಕಡಲೆಯ ಕಂದು, ಅರಿಸಿನ, ಒಣಗಿದ ಬ್ಯಾಡಗಿಯ ಕಡುಗೆಂಪು ಇವೂ ಕಾಗದದ ಹಾಗೆಯೇ ಬಿದ್ದ ಬೆಳಕನ್ನು ಮರಳಿಸಿ ಕಾಣುವಂಥವು, ತಾವೇ ಉರಿಯುವಂಥವಲ್ಲ. ಕುಸುಬಿಯ ಹೂವಿನ ಕಿತ್ತಳೆ ಮಾತ್ರ ಸ್ವಲ್ಪ ಸತಾಯಿಸುತ್ತದೆ. ಮೆಣಸಿನಪುಡಿಯ ಲೇಬಲ್ಲಿಗೆ ಮೆಜೆಂಟಾ 100, ಹಳದಿ 100 ಕೊಟ್ಟು, ಅದರೊಳಕ್ಕೆ ಸ್ವಲ್ಪವೇ ಕಪ್ಪನ್ನೋ ಸಯಾನನ್ನೋ ಸೇರಿಸಿದರೆ ಬ್ಯಾಡಗಿಯ ಕೆಂಪಿಗೆ ಬಹಳ ಹತ್ತಿರ ಬರಬಹುದು. ಮೊಬೈಲಿನಲ್ಲಿ ಉರಿಯುವ ಕೆಂಪನ್ನು ಬೆನ್ನಟ್ಟಿದವರಿಗೆ ಎರಡೂ ಸಿಗುವುದಿಲ್ಲ: ಆ ಕೆಂಪು ಅಚ್ಚಾಗುವುದಿಲ್ಲ, ಅಚ್ಚಾದದ್ದು ಬ್ಯಾಡಗಿಯ ಕೆಂಪಾಗಿರುವುದಿಲ್ಲ.

ಬಣ್ಣವನ್ನು ಪರದೆಗೆ ಹೋಲಿಸದೆ ಒಂದು ಅಳತೆಗೆ ಹೊಂದಿಸುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುವ ರಾಷ್ಟ್ರಧ್ವಜಕ್ಕೆ ದೇಶವೇ ಬಾಗುತ್ತದೆ. ಆ ಧ್ವಜದ ಕೇಸರಿ ಹೇಗಿರಬೇಕು, ಹಸಿರು ಹೇಗಿರಬೇಕು ಎಂಬುದನ್ನು ಭಾರತೀಯ ಮಾನಕ ಸಂಸ್ಥೆಯ ಮೊಟ್ಟಮೊದಲ ಕ್ರಮಸಂಖ್ಯೆಯ ಮಾನಕ, ಐಎಸ್ 1, ಅಂಕಿಗಳಲ್ಲಿ ಗೊತ್ತುಮಾಡಿದೆ. ಉಜ್ವಲತೆಯ ಲೆಕ್ಕದಲ್ಲಿ ಕೇಸರಿ 21.5, ಹಸಿರು 8.9. ಖಾದಿಯ ಬಿಳಿ ಪಟ್ಟಿಯ ಉಜ್ವಲತೆಯೂ 100 ಅಲ್ಲ, 72.6. ಈ ಅಂಕಿಗಳ ಪಕ್ಕ ಪರದೆಯನ್ನು ಇಟ್ಟು ನೋಡಬೇಕು. ಧ್ವಜದ ಕೇಸರಿ ಎಂದು ಎಲ್ಲರೂ ಇಂಟರ್ನೆಟ್ಟಿನಿಂದ ಎತ್ತಿಕೊಳ್ಳುವ ಸಂಖ್ಯೆ ಕೆಂಪು 255, ಹಸಿರು 153, ನೀಲಿ 51. ಪರದೆಯ ಸೂತ್ರದಲ್ಲಿ ಲೆಕ್ಕ ಹಾಕಿದರೆ ಅದರ ಉಜ್ವಲತೆ ಸುಮಾರು 44 ಆಗುತ್ತದೆ. ಹಸಿರಿಗೆ ಎತ್ತಿಕೊಳ್ಳುವ 19, 136, 8ರ ಉಜ್ವಲತೆ ಸುಮಾರು 18. ಎರಡೂ ಖಾದಿಯ ಎರಡರಷ್ಟು! ಖಾದಿಯ ಬಿಳಿಯನ್ನೇ 100 ಎಂದು ಹಿಡಿದು ಲೆಕ್ಕ ಮಾಡಿದರೂ ಬಟ್ಟೆಯ ಕೇಸರಿ ಸುಮಾರು 30, ಹಸಿರು ಸುಮಾರು 12ಕ್ಕೆ ನಿಲ್ಲುತ್ತವೆ. ಆಗಸ್ಟ್ 15ರ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಾಗ ಧ್ವಜ ‘ಕಪ್ಪಾಗಿದೆ’ ಎಂದು ತಳಮಳಿಸುವ ಶಾಲೆಯವರು ಒಂದು ಖಾದಿ ಧ್ವಜವನ್ನು ಪಕ್ಕದಲ್ಲಿ ಹಿಡಿಯಲಿ. ಎಷ್ಟೋ ಸಲ ಕಾಗದ ಬಟ್ಟೆಗೆ ಹತ್ತಿರವೇ ಇರುತ್ತದೆ.

ಇನ್ನು ಪರದೆಯ ಬಣ್ಣ ಶಾಯಿಯ ಬಣ್ಣವಾಗಿ ಬದಲಾಗುವ ಬಗೆ. ಕೆಂಪು 200 ಎಂದಷ್ಟೇ ಹೇಳಿದರೆ ಅದು ಯಾವ ಕೆಂಪು ಎಂದು ಗೊತ್ತಾಗುವುದಿಲ್ಲ. ಯಾವ ಪರದೆಯ 200? ಸಯಾನ್ 60 ಎಂದರೆ ಯಾವ ಕಾಗದದ, ಯಾವ ಶಾಯಿಯ 60? ಈ ಗುರುತನ್ನು ಕಡತದೊಂದಿಗೆ ಹೊತ್ತು ಹೋಗುವುದಕ್ಕೆ ಪ್ರೊಫೈಲ್ ಎನ್ನುತ್ತಾರೆ. ಅದಕ್ಕೊಂದು ಸಾಮಾನ್ಯ ರೂಪ ಕೊಡಲೆಂದು 1993ರಲ್ಲಿ ಅಂತರರಾಷ್ಟ್ರೀಯ ಕಲರ್ ಒಕ್ಕೂಟ ಹುಟ್ಟಿತು. ಪರದೆಯ ಕಡೆಯಿಂದ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕೂಡಿ ಎಸ್‌ಆರ್‌ಜಿಬಿಯನ್ನು ರೂಪಿಸಿದವು. ಫೋಟೋಶಾಪಿನಲ್ಲಿ ಪ್ರೊಫೈಲ್ ವಿಷಯಕ್ಕೆ ಎರಡು ಆಜ್ಞೆಗಳಿವೆ, ಅಸೈನ್ ಮತ್ತು ಕನ್ವರ್ಟ್. ಇವೆರಡನ್ನು ಅದಲುಬದಲು ಮಾಡಿ ಹಾಳಾದ ಕೆಲಸಕ್ಕೆ ಲೆಕ್ಕವಿಲ್ಲ. ಐದು ಎಕರೆ ಹೊಲವನ್ನು 200 ಗುಂಟೆ ಎಂದು ಬರೆದರೆ ಸಂಖ್ಯೆ ಬದಲಾಯಿತು, ಹೊಲ ಅಷ್ಟೇ ಉಳಿಯಿತು: ಇದು ಕನ್ವರ್ಟ್. ಐದನ್ನು ಹಾಗೇ ಬಿಟ್ಟು ಎಕರೆಯನ್ನು ಹೊಡೆದು ಗುಂಟೆ ಎಂದು ತಿದ್ದಿದರೆ ಹೊಲವೇ ಹೋಯಿತು: ಇದು ಅಸೈನ್. ಅಚ್ಚಿಗೆ ಕಳಿಸುವಾಗ ಬೇಕಾದದ್ದು ಕನ್ವರ್ಟ್. ಅಸೈನ್ ಬೇಕಾಗುವುದು ಕಡತಕ್ಕೆ ಗುರುತೇ ಇಲ್ಲದಾಗ ಅಥವಾ ತಪ್ಪು ಗುರುತು ಅಂಟಿದಾಗ ಮಾತ್ರ.

ಯಾವುದಕ್ಕೆ ಕನ್ವರ್ಟ್ ಮಾಡಬೇಕು ಎಂಬಲ್ಲಿ ನಮ್ಮ ಅಂಗಡಿಗಳು ಎಡವುತ್ತವೆ. ತಂತ್ರಾಂಶ ಹಾಕಿದ ದಿನ ಇದ್ದ ಅಳವಡಿಕೆಯನ್ನು ಮುಟ್ಟದೆ ಬಿಟ್ಟ ಕಂಪ್ಯೂಟರುಗಳಲ್ಲಿ ಇರುವುದು ಅಮೆರಿಕದ ಪತ್ರಿಕಾ ಮುದ್ರಣಕ್ಕೆಂದು ಮಾಡಿದ ಸ್ವಾಪ್ ಪ್ರೊಫೈಲ್. ಗದಗಿನಲ್ಲಿ ಆರ್ಟ್ ಪೇಪರ್ ಮೇಲೆ ಶೀಟ್ ಆಫ್‌ಸೆಟ್‌ನಲ್ಲಿ ಆಗುವ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರೆಸ್ಸಿನವರನ್ನು ನೇರವಾಗಿ ಕೇಳಬೇಕು: ಯಾವ ಪ್ರೊಫೈಲ್ ಕೊಡಲಿ? ಅವರಲ್ಲಿ ಸ್ವಂತದ್ದು ಇಲ್ಲದಿದ್ದರೆ ಕೋಟೆಡ್ ಕಾಗದಕ್ಕೆ ಜರ್ಮನಿಯ ಫೋಗ್ರಾ ಸಂಸ್ಥೆಯ 39ನೆಯ ಅಳತೆಯ ಮೇಲೆ ಮಾಡಿದ ಪ್ರೊಫೈಲ್, ಮ್ಯಾಪ್ಲಿಥೋದಂಥ ನುಣುಪಿಲ್ಲದ ಕಾಗದಕ್ಕೆ 52ನೆಯದು ಸ್ವಾಪ್‌ಗಿಂತ ಮೇಲು. ಕನ್ವರ್ಟ್ ಮಾಡುವಾಗ ಇನ್ನೊಂದು ಆಯ್ಕೆ ಎದುರಾಗುತ್ತದೆ. ರಿಲೇಟಿವ್ ಎಂದರೆ ಶಾಯಿಗೆ ಎಟುಕುವ ಬಣ್ಣಗಳನ್ನು ಇದ್ದಂತೆ ಉಳಿಸಿ, ಎಟುಕದ್ದನ್ನು ಮಾತ್ರ ಅಂಚಿಗೆ ತಂದು ನಿಲ್ಲಿಸುತ್ತದೆ. ಪರ್ಸೆಪ್ಚುಯಲ್ ಎಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಒಳಕ್ಕೆ ಒತ್ತಿ ಬಣ್ಣಗಳ ನಡುವಿನ ಅಂತರವನ್ನು ಕಾಯುತ್ತದೆ. ಲೇಬಲ್, ಲಾಂಛನಗಳಿಗೆ ಮೊದಲನೆಯದು ಒಪ್ಪುತ್ತದೆ. ರೇಷ್ಮೆ ಸೀರೆ, ಹೂವಿನ ಮಂಟಪ ತುಂಬಿದ ಮದುವೆ ಫೋಟೋಗೆ ಎರಡನೆಯದನ್ನೂ ಮಾಡಿ ನೋಡಿ ಆರಿಸುವುದು ಒಳ್ಳೆಯದು.

ಕಾಗದ ಶಾಯಿಯನ್ನು ಕುಡಿಯುತ್ತದೆ, ಚುಕ್ಕೆ ಹರಡಿಕೊಳ್ಳುತ್ತದೆ. ಕಡತದಲ್ಲಿ 50 ಇದ್ದ ಚುಕ್ಕೆ ಒಳ್ಳೆಯ ಆರ್ಟ್ ಪೇಪರ್ ಮೇಲೆ ಸುಮಾರು 65 ಆದರೆ, ಸುದ್ದಿಪತ್ರಿಕೆಯ ಕಾಗದದ ಮೇಲೆ 76ರವರೆಗೂ ಹೋಗುತ್ತದೆ. ಪ್ರೊಫೈಲ್ ಈ ಹರಡುವಿಕೆಯನ್ನು ಮೊದಲೇ ಲೆಕ್ಕ ಹಿಡಿದು ಸಂಖ್ಯೆಯನ್ನು ತಗ್ಗಿಸಿಡುತ್ತದೆ. ಒಂದೇ ಚುಕ್ಕೆಯ ಮೇಲೆ ನಾಲ್ಕೂ ಶಾಯಿ ಸೇರಿ 400ರವರೆಗೆ ಬೀಳಬಹುದಾದರೂ ಯಾವ ಕಾಗದವೂ ಅಷ್ಟನ್ನು ತಡೆಯುವುದಿಲ್ಲ. ಆರ್ಟ್ ಪೇಪರಿಗೆ 300ರಿಂದ 330 ಮಿತಿ, ಸುದ್ದಿಪತ್ರಿಕೆಗೆ 240. ಮೀರಿದರೆ ಶಾಯಿ ಒಣಗದೆ ಮೇಲೆ ಬೀಳುವ ಹಾಳೆಯ ಬೆನ್ನಿಗೆ ಅಂಟುತ್ತದೆ. ಲಗ್ನಪತ್ರಿಕೆಗೆ ಮಾಡಿಸಿದ ಫೋಟೋವನ್ನೇ ಸುದ್ದಿಪತ್ರಿಕೆಯ ಶುಭಾಶಯ ಜಾಹೀರಾತಿಗೆ ಕಳಿಸಿದರೆ ಮುಖಗಳು ಮಸಿ ಬಡಿದಂತಾಗಲು ಕಾರಣ ಇಷ್ಟೇ. ಎರಡು ಕಾಗದಕ್ಕೆ ಎರಡು ಸಲ, ಮೂಲ ಫೋಟೋದಿಂದಲೇ ಕನ್ವರ್ಟ್ ಮಾಡಬೇಕು. ಒಮ್ಮೆ ನಾಲ್ಕು ಬಣ್ಣಕ್ಕೆ ಇಳಿಸಿದ್ದನ್ನು ಮತ್ತೆ ಪರದೆಯ ಮೂರಕ್ಕೆ ಏರಿಸಿದರೆ ಕಳೆದ ಬಣ್ಣ ಮರಳಿ ಬರುವುದಿಲ್ಲ.

ಕಪ್ಪಿನ ಬಗ್ಗೆ ಕನ್ನಡದಲ್ಲಿ ಅಚ್ಚು ಹಾಕುವವರು ಬೇರೆಯೇ ಎಚ್ಚರ ವಹಿಸಬೇಕು. ಪರದೆಯ ಕಪ್ಪು, ಅಂದರೆ ಮೂರೂ ಸೊನ್ನೆ, ಸ್ವಾಪ್ ಅಳವಡಿಕೆಯಲ್ಲಿ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗಿ ಒಡೆಯುತ್ತದೆ. ನೋಡಲು ಕಪ್ಪೇ. ಆದರೆ ಒಂದು ಅಕ್ಷರವನ್ನು ಈಗ ನಾಲ್ಕು ಪ್ಲೇಟುಗಳು ಒಂದೇ ಜಾಗದಲ್ಲಿ ಒತ್ತಬೇಕು. ಈ ಹೊಂದಿಕೆ, ಪ್ರೆಸ್ಸಿನ ಮಾತಿನಲ್ಲಿ ರಿಜಿಸ್ಟ್ರೇಷನ್, ಕೂದಲೆಳೆಯಷ್ಟು ತಪ್ಪಿದರೂ ಅಕ್ಷರದ ಒಂದು ಮಗ್ಗುಲಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಅಂಚು ಏಳುತ್ತದೆ. ನಮ್ಮ ಲಿಪಿಯ ಗುಂಡನೆಯ ತಿರುವುಗಳು, ಅಕ್ಷರದ ಕೆಳಗೆ ಇನ್ನೂ ಸಣ್ಣದಾಗಿ ಕೂರುವ ಒತ್ತುಗಳು, ಕೊಂಬು, ಸುಳಿ ಇವುಗಳ ನಡುವಿನ ಬಿಳಿ ಬಹಳ ಕಿರಿದು. ಅಲ್ಲಿ ಬಣ್ಣದ ಅಂಚು ತುಂಬಿಕೊಂಡರೆ ‘ಕ್ಷೇತ್ರ’, ‘ಶ್ರೀಮಠ’, ‘ಜ್ಯೇಷ್ಠ’ ಇಂಥ ಪದಗಳು ಕಲೆಯಾಗಿಬಿಡುತ್ತವೆ. ಲಗ್ನಪತ್ರಿಕೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಸುಖಾಗಮನ ಬಯಸುವವರ ಹೆಸರುಗಳು ಓದಲಾಗದಿದ್ದರೆ ಮನೆಯ ಹಿರಿಯರು ನೊಂದುಕೊಳ್ಳುತ್ತಾರೆ, ಅದು ಸಹಜ. ಪರಿಹಾರಕ್ಕೆ ಖರ್ಚಿಲ್ಲ. ಅಕ್ಷರಗಳನ್ನು ಫೋಟೋದ ಜೊತೆ ಕರಗಿಸದೆ ಬೇರೆ ಇಟ್ಟುಕೊಂಡು, ಬರಿಯ ಕಪ್ಪು 100 ಕೊಟ್ಟು, ಕೆಳಗಿನ ಬಣ್ಣದ ಮೇಲೆ ಓವರ್‌ಪ್ರಿಂಟ್ ಆಗುವಂತೆ ಮಾಡಬೇಕು. ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವವರು ಹಳೆಯ ಕಡತದಿಂದ ನಕಲು ಮಾಡಿ ತಂದ ಅಕ್ಷರಗಳಲ್ಲಿ ಪರದೆಯ ಕಪ್ಪು ಅಡಗಿದೆಯೇ ಎಂದು ಕಳಿಸುವ ಮುನ್ನ ನೋಡಿಕೊಳ್ಳಬೇಕು, ಒಂದೇ ಪುಟದಲ್ಲಿ ಎರಡೂ ಬಗೆಯ ಕಪ್ಪು ಇರುವುದನ್ನು ಆ ತಂತ್ರಾಂಶ ತಡೆಯುವುದಿಲ್ಲ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಕಪ್ಪಿನ ಅಡಿಯಲ್ಲಿ ಸ್ವಲ್ಪ ಸಯಾನ್ ಹಾಕಿದರೆ ಗಾಢವಾಗುತ್ತದೆ.

ಮುಖದ ಬಣ್ಣಕ್ಕೆ ಪ್ರೆಸ್ಸಿನ ಅನುಭವಿಗಳು ಬಳಸುವ ಸೂತ್ರ ಸರಳ: ಹಳದಿ ಮೆಜೆಂಟಾಗಿಂತ ತುಸು ಹೆಚ್ಚು, ಸಯಾನ್ ಅವೆರಡಕ್ಕಿಂತ ಬಹಳ ಕಡಿಮೆ. ಮೆಜೆಂಟಾ ಮೇಲಾದರೆ ಮುಖ ಸುಟ್ಟಂತೆ ಕೆಂಪಾಗುತ್ತದೆ, ಸಯಾನ್ ಏರಿದರೆ ಬೂದಿ ಬಳಿದಂತೆ. ಹೊಲದಲ್ಲಿ ದುಡಿದ ಮೈಬಣ್ಣವನ್ನು ಬಿಳಿಯಾಗಿಸುವ ಆತುರದಲ್ಲಿ ಹಳದಿಯನ್ನೂ ಕಿತ್ತುಹಾಕುವುದರಿಂದಲೇ ನಮ್ಮ ಆಮಂತ್ರಣಗಳಲ್ಲಿ ವಧುವರರು ರೋಗಿಗಳಂತೆ ಕಾಣುತ್ತಾರೆ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಅವರ ಮೈಬಣ್ಣ ಚೆನ್ನಾಗಿಯೇ ಇದೆ, ಶಾಯಿ ಅದನ್ನು ಚೆನ್ನಾಗಿಯೇ ಹಿಡಿಯಬಲ್ಲದು. ಮದುವೆ ಆಲ್ಬಮ್ಮಿನ ಲೆಕ್ಕವೇ ಬೇರೆ. ಫೋಟೋ ಲ್ಯಾಬಿನವರು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಕಡತವನ್ನೇ ಕೇಳುತ್ತಾರೆ, ಅದನ್ನು ನಾಲ್ಕು ಬಣ್ಣಕ್ಕೆ ಇಳಿಸಿ ಕೊಟ್ಟರೆ ಇದ್ದ ಬಣ್ಣವನ್ನು ಕೈಯಾರೆ ಕಳೆದಂತೆ.

ನವಲಗುಂದದ ಜಮಖಾನೆ, ಕಲಘಟಗಿಯ ತೊಟ್ಟಿಲು ಎರಡೂ ಬಣ್ಣದಿಂದಲೇ ಹೆಸರಾದವು. ನವಲಗುಂದದ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನೆಗೆ ಭೌಗೋಳಿಕ ಸೂಚಕವಿದೆ, ಕಲಘಟಗಿಯ ಸಾಗವಾನಿ ತೊಟ್ಟಿಲ ಮೇಲೆ ಅರಗಿನ ಬಣ್ಣದ ಪುರಾಣಚಿತ್ರಗಳಿವೆ. ಇವುಗಳ ಕರಪತ್ರ ನೋಡಿ ದೂರದವರು ಹಣ ಕಳಿಸುತ್ತಾರೆ. ಕಾಗದದ ಕೆಂಪು ಒಂದು, ಕೈಗೆ ಬಂದ ಜಮಖಾನೆಯ ಕೆಂಪು ಇನ್ನೊಂದು ಆದರೆ ನೇಯ್ದವರ ಮಾತಿನ ಮೇಲೆ ಅನುಮಾನ ಬರುತ್ತದೆ. ಎಚ್ಚರ ಫೋಟೋ ತೆಗೆಯುವಾಗಲೇ ಶುರುವಾಗಬೇಕು. ಮನೆಯ ಟ್ಯೂಬ್‌ಲೈಟ್ ಹಸಿರಿನ ಛಾಯೆ ಕೊಡುತ್ತದೆ, ಗಿಡದ ಕೆಳಗಿನ ನೆರಳು ಎಲೆಯ ಬಣ್ಣವನ್ನು ಬೆರೆಸುತ್ತದೆ. ಹಗಲು ಬೆಳಕಿನಲ್ಲಿ, ವಸ್ತುವಿನ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಒಂದು ಫೋಟೋ ತೆಗೆದುಕೊಂಡರೆ, ಆಮೇಲೆ ಆ ಹಾಳೆ ಬೆಳ್ಳಗಾಗುವವರೆಗೆ ತಿದ್ದಿ, ಅದೇ ತಿದ್ದುಪಡಿಯನ್ನು ಉಳಿದ ಫೋಟೋಗಳಿಗೂ ಕೊಡಬಹುದು. ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಹಾಕಬಾರದು, ಅದು ಚಿತ್ರವನ್ನು ಹಿಂಡಿ ಕಿರಿದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಹಾಕಿದರೆ ಇದ್ದಂತೆ ಹೋಗುತ್ತದೆ.

ನಾಲ್ಕು ಶಾಯಿಗೆ ಎಟುಕದ ಬಣ್ಣಕ್ಕೆ ದಾರಿಯೇ ಇಲ್ಲವೆಂದಲ್ಲ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಲಕ್ಷ್ಮೀ, ಸರಸ್ವತಿಯರು ನಮ್ಮ ಪಡಸಾಲೆಗಳಿಗೂ ಬಂದರಲ್ಲ, ಅವು ಕಲ್ಲಚ್ಚು. ಬಣ್ಣಕ್ಕೊಂದು ಕಲ್ಲು, ಬೇಕಾದಷ್ಟು ಕಲ್ಲು. ಹೆಚ್ಚಿನ ಗುಲಾಬಿ ಬೇಕಿದ್ದರೆ ಗುಲಾಬಿ ಶಾಯಿಯ ಇನ್ನೊಂದು ಕಲ್ಲು. ಇಂದಿನ ಸ್ಪಾಟ್ ಕಲರ್ ಅದೇ ಕ್ರಮ: ಕಲಸಿದ ಶಾಯಿಗೆ ಐದನೆಯ ಪ್ಲೇಟ್. 1963ರಲ್ಲಿ ಬಂದ ಪ್ಯಾಂಟೋನ್ ಪಟ್ಟಿ ಇಂಥ ಶಾಯಿಗಳಿಗೆ ಸಂಖ್ಯೆ ಕೊಟ್ಟು ಜಗತ್ತಿಗೆಲ್ಲ ಒಂದೇ ಗುರುತು ಮಾಡಿತು. ನಮ್ಮ ಪೇಟೆಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಕೈಯಲ್ಲೇ ಶಾಯಿ ಕಲಸಿ, ತಂದ ಬಟ್ಟೆಯ ತುಣುಕಿಗೆ ಹೊಂದಿಸಬಲ್ಲರು. ಒಂದೆರಡು ಬಣ್ಣದ ಚೀಲ, ಲಕೋಟೆ, ಲಾಂಛನಗಳ ಕೆಲಸವನ್ನು ದೂರದ ದೊಡ್ಡ ಪ್ರೆಸ್ಸಿಗೆ ಕಳಿಸುವ ಬದಲು ಇವರಿಗೆ ಕೊಡುವುದೇ ಬಣ್ಣಕ್ಕೆ ಕ್ಷೇಮ.

ಜಾತ್ರೆಯ ಫ್ಲೆಕ್ಸುಗಳ ಮಾತು ಹೆಚ್ಚು ಬೇಡ. ಅವುಗಳಲ್ಲಿ ಮೆಜೆಂಟಾ, ಹಳದಿ ಬಿಸಿಲಿಗೆ ಮೊದಲು ಹಾರಿಹೋಗಿ ನೀಲಿ ಮಾತ್ರ ಉಳಿಯುತ್ತದೆ, ಮೇಲಾಗಿ 2016ರಿಂದ ರಾಜ್ಯದಲ್ಲಿ ಅವಕ್ಕೆ ನಿಷೇಧವೂ ಇದೆ.

ಉಳಿದದ್ದು ಪ್ರೂಫ್. ಮೊಬೈಲಿಗೆ ಬರುವ ಪಿಡಿಎಫ್ ಅಕ್ಷರ ತಿದ್ದುವುದಕ್ಕೆ ಸಾಕು, ಬಣ್ಣಕ್ಕೆ ಸಾಲದು. ಒಂದು ಮೊಬೈಲಿನ ಪರದೆ ಬಣ್ಣವನ್ನು ಬೇಕೆಂದೇ ಢಾಳಾಗಿಸುತ್ತದೆ, ಇನ್ನೊಂದರಲ್ಲಿ ಕಣ್ಣಿಗೆ ತಂಪಿನ ಹಳದಿ ಛಾಯೆ ಹಾಕಿರುತ್ತದೆ. ಸಂಘದ ಹತ್ತು ಸದಸ್ಯರು ನೋಡಿ ಒಪ್ಪಿದ್ದು ಹತ್ತು ಬೇರೆ ಕೆಂಪುಗಳನ್ನು. ಕೆಲಸದ ಮೊತ್ತ ತುಸು ದೊಡ್ಡದಿದ್ದರೆ ಅದೇ ಪ್ರೊಫೈಲಿನಲ್ಲಿ ತೆಗೆದ ಕಾಗದದ ಪ್ರೂಫ್ ಕೇಳಿ, ಅದರ ಖರ್ಚು ಹಾಳಾಗುವ ಕಟ್ಟಿನ ಖರ್ಚಿನ ಮುಂದೆ ಏನೂ ಅಲ್ಲ. ಲ್ಯಾಮಿನೇಶನ್ ಇದ್ದರೆ ಪ್ರೂಫಿನ ಮೇಲೂ ಹಾಕಿಸಿ, ಮ್ಯಾಟ್ ಲ್ಯಾಮಿನೇಶನ್ ಬಣ್ಣವನ್ನು ತುಸು ಮಂಕಾಗಿಸುತ್ತದೆ. ಪ್ರೂಫನ್ನು ಹಗಲು ಹೊತ್ತಿನಲ್ಲಿ ಬಾಗಿಲ ಬಳಿ ತಂದು ನೋಡಿ. ಮುದ್ರಣಲೋಕ ಒಪ್ಪಿಕೊಂಡಿರುವುದು 5000 ಕೆಲ್ವಿನ್ ಬೆಳಕನ್ನು, ಅದಕ್ಕೆ ನಮ್ಮಲ್ಲಿ ಹಗಲ ಬೆಳಕೇ ಹತ್ತಿರ. ವಿಸಿಟಿಂಗ್ ಕಾರ್ಡಿನಂಥ ಅಗ್ಗದ ಕೆಲಸಗಳನ್ನು ಒಂದೇ ಹಾಳೆಯಲ್ಲಿ ಹತ್ತಾರು ಗಿರಾಕಿಗಳದ್ದು ಕೂಡಿಸಿ ಹೊಡೆಯುತ್ತಾರೆ. ಅಲ್ಲಿ ಒಬ್ಬರಿಗಾಗಿ ಶಾಯಿ ಏರಿಸಿದರೆ ಪಕ್ಕದವರದ್ದು ಕೆಡುತ್ತದೆ, ಆದ್ದರಿಂದ ಬಣ್ಣ ಮುಖ್ಯವಾದ ಲೇಬಲನ್ನು ಆ ಸಾಲಿಗೆ ಸೇರಿಸದಿರಲು ಮೊದಲೇ ಹೇಳಿ.

ಪ್ರೆಸ್ಸಿಗೆ ಹೋಗುವಾಗ ಚೀಲದಲ್ಲಿ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ, ಜಮಖಾನೆಯ ಒಂದು ತುಣುಕು, ಏನು ಅಚ್ಚಾಗಬೇಕೋ ಅದನ್ನೇ ಒಯ್ಯಿರಿ. ಮಷೀನ್ ನಡೆಸುವವರು ಅದನ್ನು ಹಾಳೆಯ ಪಕ್ಕದಲ್ಲಿಟ್ಟು ಶಾಯಿ ಹೊಂದಿಸುತ್ತಾರೆ, ಅವರಿಗದು ಪಿಡಿಎಫ್‌ಗಿಂತ ಹೆಚ್ಚು ಅರ್ಥವಾಗುತ್ತದೆ. ಒಪ್ಪಿದ ಹಾಳೆಯ ಮೇಲೆ ಇಬ್ಬರೂ ಸಹಿ ಹಾಕಿ, ತಾರೀಖು, ಕಾಗದದ ಹೆಸರು, ಜಿಎಸ್‌ಎಂ, ಪ್ರೊಫೈಲ್ ಬರೆದು, ಒಂದನ್ನು ಪ್ರೆಸ್ಸಿನಲ್ಲಿ, ಒಂದನ್ನು ನಿಮ್ಮ ಟ್ರಂಕಿನ ಕತ್ತಲೆಯಲ್ಲಿ ಇಟ್ಟುಕೊಳ್ಳಿ. ಗೋಡೆಗೆ ಅಂಟಿಸಿದರೆ ಬೆಳಕಿಗೆ ಅದರ ಬಣ್ಣವೂ ಹೋಗುತ್ತದೆ. ಮುಂದಿನ ವರ್ಷದ ಲೇಬಲ್ ಮಾಡಿಸುವಾಗ ಆ ಹಾಳೆಯನ್ನೂ ಹೊಸ ಹಂಗಾಮಿನ ಮೆಣಸಿನಕಾಯಿಯನ್ನೂ ಕೂಡಿಸಿ ಒಯ್ಯಬೇಕು, ಮಳೆ ಹೆಚ್ಚುಕಡಿಮೆಯಾದ ವರ್ಷ ಕಾಯಿಯ ಕೆಂಪೂ ಬದಲಾಗಿರುತ್ತದೆ.